ಹುಲ್ಲಿನ ಗೋಡೆಯಿಂದ ಮಣ್ಣಿನ ಗೋಡೆಗೆ

ಅಮೆರಿಕದ ನೆಬ್ರಾಸ್ಕದಲ್ಲಿ ಮರಳುಗುಡ್ಡಗಳ ಸೀಮೆಯೊಂದಿದೆ. 19ನೇ ಶತಮಾನದ ಕೊನೆಗೆ ಅಲ್ಲಿ ನೆಲೆಸಲು ಬಂದವರಿಗೆ ತೊಲೆಗೆ ಮರವಿರಲಿಲ್ಲ. ಮಣ್ಣು ಬರೀ ಮರಳು, ಗೋಡೆಗೆ ನಿಲ್ಲದು. ಇದ್ದದ್ದು ಕಣ್ಣು ಹಾಯುವಷ್ಟು ದೂರ ಹುಲ್ಲು, ಅದನ್ನು ಒತ್ತಿ ಪೆಂಡಿ ಕಟ್ಟಲು ಕುದುರೆಯಿಂದ ನಡೆಯುವ ಯಂತ್ರ. ಆ ಪೆಂಡಿಗಳನ್ನೇ ಇಟ್ಟಿಗೆಯ ಹಾಗೆ ಪೇರಿಸಿದರು. ಸದ್ಯಕ್ಕೊಂದು ಸೂರಾದರೆ ಸಾಕೆಂದು ಮಾಡಿದ ಕೆಲಸ ಅದು. ಗಿಲಾವು ಕಾಣದ ಒಂದು ಶಾಲೆಯ ಗೋಡೆಯನ್ನು ದನಗಳು ತಿಂದು ಮುಗಿಸಿದವಂತೆ. ಗಿಲಾವು ಮಾಡಿಕೊಂಡವರಿಗೆ ಮಾತ್ರ ಎಣಿಸದಿದ್ದ ಲಾಭ ಸಿಕ್ಕಿತು: ಹುಲ್ಲಿನೊಳಗೆ ನಿಂತ ಗಾಳಿ ಚಳಿಯನ್ನೂ ಸೆಕೆಯನ್ನೂ ತಡೆಯಿತು. ಆರ್ಥರ್ ಎಂಬ ಊರಿನಲ್ಲಿ 1928ರಲ್ಲಿ ಕಟ್ಟಿದ ಹುಲ್ಲಿನ ಚರ್ಚು ಇಂದಿಗೂ ನಿಂತಿದೆ.

ಈ ಕತೆ ಓದಿ ಹನೂರು ತಾಲ್ಲೂಕಿನ ಹೂಗ್ಯಂನಲ್ಲೂ ಹುಲ್ಲಿನ ಮನೆ ಏಳಬಾರದೇಕೆ ಎನ್ನಿಸಬಹುದು. ಬೇಡ ಎನ್ನುತ್ತೇನೆ. ಇಲ್ಲಿ ರಾಗಿ ಹುಲ್ಲು ಮೆದೆ ಸೇರುವುದು ದನಗಳ ಬೇಸಿಗೆಗಾಗಿ. ಅದನ್ನು ಗೋಡೆಗಿಟ್ಟರೆ ಕೊಟ್ಟಿಗೆ ಹಸಿಯುತ್ತದೆ. ಹುಲ್ಲು ಅಲ್ಲಿಯವರ ಹತ್ತಿರದ ವಸ್ತುವಾಗಿತ್ತು; ನಮ್ಮ ಹತ್ತಿರದ್ದು ಮಣ್ಣು.

ಆ ಮಣ್ಣಿನ ಹುಡುಕಾಟ ಕರ್ನಾಟಕದಲ್ಲೇ ನಡೆದಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಹುಟ್ಟಿತು. ಹಳ್ಳಿಯ ಬದುಕಿಗೆ ಒದಗುವ ವಿಜ್ಞಾನ ಅದರ ಗುರಿಯಾಗಿತ್ತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಗ್ರಾಮ ಕೇಂದ್ರವಿತ್ತು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಕೈಗೆತ್ತಿಕೊಂಡದ್ದು ಹಳೆಯ ತೊಡಕನ್ನೇ. ಮಣ್ಣಿನ ಗೋಡೆ ಒಣಗಿದ್ದಾಗ ಗಟ್ಟಿ, ಮಳೆಗೆ ನೆನೆದರೆ ಕರಗುತ್ತದೆ. ಸುಟ್ಟ ಇಟ್ಟಿಗೆ ಕರಗದು, ಆದರೆ ಗೂಡಿಗೆ ರಾಶಿ ರಾಶಿ ಸೌದೆ ಬೇಕು. ಕಾಡಂಚಿನ ಊರುಗಳಿಗೆ ಆ ಸೌದೆ ಎಲ್ಲಿಂದ ಬರುತ್ತದೆಂದು ಹೇಳಬೇಕಿಲ್ಲ.

ಕೊಲಂಬಿಯಾದಲ್ಲಿ ರೌಲ್ ರಾಮಿರೆಸ್ 1950ರ ದಶಕದಲ್ಲೇ ಮಣ್ಣನ್ನು ಅಚ್ಚಿಗೆ ಹಾಕಿ ಸನ್ನೆಯಿಂದ ಒತ್ತುವ ಕೈಯಂತ್ರ ಮಾಡಿದ್ದರು. ಅಸ್ತ್ರದವರೂ ತಮ್ಮದೇ ಯಂತ್ರ ರೂಪಿಸಿದರು. ಒತ್ತಿದರಷ್ಟೇ ಸಾಲದು; ಒತ್ತಿದ ಇಟ್ಟಿಗೆಯೂ ನೀರಿಗೆ ಬಿದ್ದರೆ ಕರಗುತ್ತದೆ. ಜರಡಿ ಹಿಡಿದ ಮಣ್ಣಿಗೆ ಶೇ. 7ರ ಆಸುಪಾಸು ಸಿಮೆಂಟು ಬೆರೆಸಿ, ಒತ್ತಿ, ಮೂರು ನಾಲ್ಕು ವಾರ ನೀರುಣಿಸಿದರೆ ಅದು ನೆನೆದರೂ ಉಳಿಯುತ್ತದೆ. ಬೆಂಕಿಯ ಮಾತೇ ಇಲ್ಲ. ಆದರೆ ಎಲ್ಲ ಮಣ್ಣಿಗೂ ಒಂದೇ ಅಳತೆ ನಡೆಯದು. ಜೇಡಿ ಹೆಚ್ಚಿದ್ದರೆ ಮರಳು ಸೇರಿಸಬೇಕು, ಎರೆಮಣ್ಣಾದರೆ ಸುಣ್ಣ ಬೇಕು. ಹಳ್ಳಿಯವರ ಕೈಗೇ ದಕ್ಕುವ ಈ ವಿವೇಕ ನನಗೆ ಯಂತ್ರಕ್ಕಿಂತ ದೊಡ್ಡದೆನಿಸುತ್ತದೆ.

ಹೂಗ್ಯಂನಲ್ಲಿ ಪಾಯ ತೋಡಿದಾಗ ಬಂದ ಮಣ್ಣನ್ನು ಹೊರಗೆ ಸಾಗಿಸುವ ಮುನ್ನ ಒಂದು ಹಿಡಿಯನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ಮರಳು ತಳ ಸೇರುತ್ತದೆ, ಜೇಡಿ ಮೇಲೆ ಕೂರುತ್ತದೆ. ಆ ಎರಡು ಪದರಗಳ ದಪ್ಪ ನೋಡಿದರೆ ಮರಳು ಕೊಳ್ಳಬೇಕೋ ಬೇಡವೋ ಎಂದು ಗಾರೆ ಕೆಲಸದವರು ಅಲ್ಲೇ ಹೇಳಬಲ್ಲರು.