ಮಲ್ಪೆಯ ಮುಂದಣ ಕಲ್ಲಿನ ಕಂಬಗಳು

ಕಣಗಲಾ ಕಡೆಯ ಕರಿಕಲ್ಲನ್ನು ನೋಡಿ ಬೆಳೆದವರಾದ ನಮಗೆ, ಮಲ್ಪೆಯಲ್ಲಿ ದೋಣಿಯೇರಿ ಸೇಂಟ್ ಮೇರಿ ದ್ವೀಪಕ್ಕೆ ಹೋದಾಗ, ಕಡಲಿಗಿಂತಲೂ ಅಲ್ಲಿಯ ಕಲ್ಲೇ ಹೆಚ್ಚು ಸೋಜಿಗವನ್ನುಂಟುಮಾಡಿತು. ಐದಾರು ಮುಖಗಳ ಕಂಬಗಳು, ಶಿಲ್ಪಿಯು ಕಡೆದು ನಿಲ್ಲಿಸಿದಂತೆ, ಒತ್ತೊತ್ತಾಗಿ ನಿಂತಿವೆ. ಆದರೆ ಇವನ್ನು ಕಡೆದವರಾರೂ ಇಲ್ಲ. ಭೂಗರ್ಭದಿಂದ ಉಕ್ಕಿದ ಶಿಲಾರಸವು ಆರುತ್ತ ಕುಗ್ಗಿ, ಬೇಸಿಗೆಯಲ್ಲಿ ನಮ್ಮ ಎರೆಹೊಲವು ಬಿರಿಯುವಂತೆ ಬಿರಿದುದೇ ಇದಕ್ಕೆ ಕಾರಣವು. ಇದು ನಡೆದುದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಅಗಲುತ್ತಿದ್ದ ಕಾಲದಲ್ಲಿ. ನಮ್ಮ ಕಡೆಯ ಕರಿಕಲ್ಲಾದರೋ ಇದಕ್ಕಿಂತ ಎರಡು ಕೋಟಿ ವರ್ಷಗಳಷ್ಟು ಕಿರಿಯದು. ಅಂತಹ ಹಿರಿಯ ಕಲ್ಲಿನ ಚೂರೊಂದನ್ನು ನೆನಪಿಗೆಂದು ಕೈಗೆತ್ತಿಕೊಂಡೆವು. ನಾಚಿ, ಮತ್ತೆ ಅಲ್ಲಿಯೇ ಇಟ್ಟು ಬಂದೆವು. ಅಲೆಗಳು ಸವೆಸುವುದೇ ಸಾಕು. ಅಲ್ಲಿಗೆ ಹೋಗುವ ಶ್ರೋತೃಗಳೂ ಕಣ್ತುಂಬ ನೋಡಿ ಬರಿಗೈಯಲ್ಲಿ ಮರಳಬೇಕೆಂದು ನಮ್ಮ ಬಿನ್ನಹ.