ಮುಳ್ಳು ಕೊಟ್ಟಷ್ಟೇ ಕಂಪ್ಯೂಟರಿಗೆ

ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳ ಅಟ್ಟದಲ್ಲಿ ಇಂದಿಗೂ ಕ್ಯಾಸೆಟ್ ತುಂಬಿದ ಡಬ್ಬಗಳಿವೆ. ಅಂಗಡಿಯಿಂದ ತಂದ ಭಾವಗೀತೆ, ಸಿನಿಮಾ ಹಾಡುಗಳ ಬಗ್ಗೆ ಹೆಚ್ಚು ಚಿಂತೆ ಬೇಡ. ಅವುಗಳಲ್ಲಿ ಬಹಳಷ್ಟು ಈಗ ಮೊಬೈಲಿನಲ್ಲೇ ಸಿಗುತ್ತವೆ. ಚಿಂತೆ ಇರುವುದು ಯಕ್ಷಗಾನದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನೋ ಕಾಳಿಂಗ ನಾವಡರ ಭಾಗವತಿಕೆಯನ್ನೋ ಅಭಿಮಾನಿಯೊಬ್ಬರು ಸಭೆಯ ಮುಂದಿನ ಸಾಲಿನಲ್ಲಿ ಕೂತು, ಟೇಪ್ ರೆಕಾರ್ಡರನ್ನು ಕಾಲಬುಡದಲ್ಲಿಟ್ಟು ತುಂಬಿಸಿಕೊಂಡ ಕ್ಯಾಸೆಟ್ಟುಗಳದ್ದು. ಅಂಥದ್ದಕ್ಕೆ ಎರಡನೆಯ ಪ್ರತಿ ಎಲ್ಲೂ ಇಲ್ಲದಿರಬಹುದು. ನಾವಡರು ತೀರಿಕೊಂಡದ್ದು 1990ರಲ್ಲಿ. ಅವರ ದನಿ ಹಿಡಿದ ಯಾವ ಮೂಲ ಟೇಪೂ ಅದಕ್ಕಿಂತ ಈಚಿನದಲ್ಲ.

ಇವನ್ನು ಡಿಜಿಟಲ್ ಮಾಡಲು ಹೊರಟವರು ಮೊದಲು ಕೇಳುವುದು, 44.1 ಕಿಲೋಹರ್ಟ್ಸ್ ಸಾಕೋ, 96 ಬೇಕೋ ಎಂದು. ನನ್ನ ಮಟ್ಟಿಗೆ ಅದು ಕಟ್ಟಕಡೆಯ ಪ್ರಶ್ನೆ. ದನಿ ಉಳಿಯುವುದೋ ಕೆಡುವುದೋ ಕಂಪ್ಯೂಟರ್ ಮುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ, ಟೇಪಿನ ಹೆಡ್ಡಿನಲ್ಲಿ, ಗ್ರಾಮಫೋನ್ ಪ್ಲೇಟಿನ ಮುಳ್ಳಿನಲ್ಲಿ.

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟಿನ ಟೇಪು 3.81 ಮಿಲಿಮೀಟರ್ ಅಗಲ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿ ಲೇಪಿಸಿರುತ್ತಾರೆ. ಆ ಕಣಗಳು ಕಾಂತವಾಗಿ ನಿಂತ ಬಗೆಯೇ ನಮ್ಮ ಹಾಡು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಮೆಲ್ಲಗೆ ಸಾಗುತ್ತದೆ. ಹೀಗಾಗಿ 10,000 ಹರ್ಟ್ಸ್‌ನ ಸ್ವರದ ಒಂದು ಅಲೆಗೆ ಅದರ ಮೇಲೆ ಸಿಗುವ ಜಾಗ 4.8 ಮೈಕ್ರಾನ್ ಮಾತ್ರ. ಓದುವ ಹೆಡ್ಡಿನ ಸೀಳು ಟೇಪಿಗೆ ನೆಟ್ಟಗೆ ಅಡ್ಡವಾಗಿ ನಿಂತಿರಬೇಕು. ಮೋನೊ ರೆಕಾರ್ಡರ್ ಬರೆಯುವ ಪಟ್ಟೆಯ ಅಗಲ ಸುಮಾರು ಒಂದೂವರೆ ಮಿಲಿಮೀಟರ್. ಹೆಡ್ಡು ಕಾಲು ಡಿಗ್ರಿ ಓರೆಯಾದರೂ ಸಾಕು, ಪಟ್ಟೆಯ ಒಂದಂಚಿಗೂ ಇನ್ನೊಂದಂಚಿಗೂ ಆರೂವರೆ ಮೈಕ್ರಾನ್ ಅಂತರ ಬೀಳುತ್ತದೆ. ಒಂದು ಪೂರ್ತಿ ಅಲೆಗಿಂತ ಹೆಚ್ಚು! ಒಂದಂಚಿನ ಏರು ಇನ್ನೊಂದಂಚಿನ ಇಳಿತದ ಜೊತೆ ಬೆರೆತು ಎರಡೂ ಅಳಿಸಿಹೋಗುತ್ತವೆ. ಕೇಳುವವರಿಗೆ ತಾಳದ ಕಿಣಿ ಇಲ್ಲ, ‘ಸ’ಕಾರ ‘ಶ’ಕಾರಗಳಿಗೆ ಮೊನೆ ಇಲ್ಲ, ಎಲ್ಲ ಕಂಬಳಿಯೊಳಗಿಂದ ಬಂದ ಹಾಗೆ. ‘ಟೇಪು ಹಳತಾಯಿತು’ ಎಂದು ಸುಮ್ಮನಾಗುತ್ತೇವೆ. ಟೇಪಿನಲ್ಲಿ ದನಿ ಇದ್ದೇ ಇರುತ್ತದೆ, ಓದುವುದು ತಪ್ಪಿರುತ್ತದೆ.

ಇದಕ್ಕೆ ಮದ್ದು ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗಿನ ಮೇಲೆ ಕೂತ ಪುಟ್ಟ ಸ್ಕ್ರೂ. ಕ್ಯಾಸೆಟ್ ಓಡುತ್ತಿರುವಾಗಲೇ ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ತುಸು ಆಚೆ ಈಚೆ ತಿರುಗಿಸಿ. ತಾಳದ ಕಿಣಿ ಅತಿ ಸ್ಪಷ್ಟವಾಗುವ ಕಡೆ ನಿಲ್ಲಿಸಿ. ಬೇರೆ ಯಂತ್ರದಲ್ಲಿ ತುಂಬಿಸಿದ ಇನ್ನೊಂದು ಕ್ಯಾಸೆಟ್ ಹಾಕಿದಾಗ ಮತ್ತೆ ತಿರುಗಿಸಬೇಕು, ಏಕೆಂದರೆ ಆ ಯಂತ್ರದ ಓರೆಯೇ ಬೇರೆ. ದುಬಾರಿ ಸಾಫ್ಟ್‌ವೇರಿಗಿಂತ ಈ ಸ್ಕ್ರೂ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉಳಿದದ್ದು ಸಾಮಾನ್ಯ ಆರೈಕೆ. ಹೆಡ್ಡು, ರಬ್ಬರ್ ರೋಲರುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದ ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ತನ್ನಿ. ಸಭೆಯಲ್ಲಿ ತುಂಬಿಸಿದ ಕ್ಯಾಸೆಟ್ಟಿಗೆ ಡಾಲ್ಬಿ ಗುಂಡಿ ಒತ್ತಬೇಡಿ. ಡಾಲ್ಬಿಯಲ್ಲಿ ಬರೆಯದ ಟೇಪನ್ನು ಡಾಲ್ಬಿಯಲ್ಲಿ ಓದಿದರೆ ಉಳಿದ ಮೊನೆಯೂ ಹೋಗುತ್ತದೆ.

ವೇಗದ್ದು ಇನ್ನೊಂದು ತಕರಾರು. ರಾತ್ರಿಯಿಡೀ ಆಟ ಸಾಗಿದಂತೆ ರೆಕಾರ್ಡರಿನ ಸೆಲ್ಲು ಸೊರಗಿ ಟೇಪು ನಿಧಾನವಾಗಿ ಸರಿದಿರುತ್ತದೆ. ಅದನ್ನು ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ಬೆಳಗಿನ ಜಾವದ ಪದಗಳ ಶ್ರುತಿ ಏರುತ್ತಾ ಹೋಗುತ್ತದೆ. ಭಾಗವತರು ಯಾವ ಶ್ರುತಿಗೆ ಹಾಡುತ್ತಿದ್ದರು, ಕಪ್ಪು ಎರಡೋ ಬಿಳಿ ಮೂರೋ, ಎಂದು ಬಲ್ಲವರಿದ್ದರೆ ಕಂಪ್ಯೂಟರಿನಲ್ಲಿ ವೇಗ ಇಳಿಸಿ ಸರಿಪಡಿಸಬಹುದು. ಧ್ವನಿವರ್ಧಕದ ಗುಂಯ್ ಎನ್ನುವ ಕರೆಂಟಿನ ಸದ್ದು 50 ಹರ್ಟ್ಸ್‌ನದು. ಅದೂ ಒಂದು ಸುಳಿವು. ಆದರೆ ಆ ಕಾಲದ ನಮ್ಮ ಕರೆಂಟು 50ರಲ್ಲೇ ನಿಲ್ಲುತ್ತಿರಲಿಲ್ಲವಾದ್ದರಿಂದ ಪೂರ್ತಿ ನಂಬುವಂತಿಲ್ಲ.

ಪ್ಲೇಟುಗಳ ಕಥೆ ಬೇರೆ. ನಿಮಿಷಕ್ಕೆ 78 ಸುತ್ತಿನ ಹಳೆಯ ಪ್ಲೇಟಿನಲ್ಲಿ ಇರುವುದು ಅರಗು, ಕಲ್ಲಿನ ಪುಡಿ, ಮಸಿ. ಜಗತ್ತಿನ ಪ್ಲೇಟು ಕಾರ್ಖಾನೆಗಳಿಗೆ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ಭಾರತದಿಂದಲೇ. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ. ಹಾಗಾಗಿ ಹೆಡ್ಡಿಗೆ ಅಮೃತವಾದ ದ್ರವ ಈ ಪ್ಲೇಟಿಗೆ ವಿಷ. ಮೆದುವಾದ ಬಟ್ಟೆ, ನೀರು, ಒಂದೆರಡು ತೊಟ್ಟು ಸೌಮ್ಯ ಸೋಪು ಸಾಕು, ನಡುವಿನ ಕಾಗದದ ಲೇಬಲ್ ನೆನೆಯಬಾರದು. ಅಜ್ಜನ ಗ್ರಾಮಫೋನಿನಲ್ಲೇ ಹಾಡಿಸುವ ಆಸೆಯನ್ನೂ ಬಿಡಿ. ಅದರ ಭಾರವಾದ ತಲೆ, ಉಕ್ಕಿನ ಮುಳ್ಳು ಒಂದೊಂದು ಸಲವೂ ದನಿ ಕೊರೆದ ಗೀರನ್ನು ಸವೆಸುತ್ತವೆ.

1948ರಲ್ಲಿ ಬಂದ ವಿನೈಲ್ ಎಲ್‌ಪಿಯ ಗೀರು ಬಹಳ ಕಿರಿದು. ಅದಕ್ಕೆ ಮಾಡಿದ ಮುಳ್ಳಿನ ತುದಿಯ ತ್ರಿಜ್ಯ 18 ಮೈಕ್ರಾನ್ ಆಸುಪಾಸು; 78ರ ಪ್ಲೇಟಿಗೆ ಬೇಕಾದದ್ದು ಸುಮಾರು 75. ಎಲ್‌ಪಿ ಮುಳ್ಳನ್ನು 78ರ ಮೇಲಿಟ್ಟರೆ ಅದು ಗೋಡೆ ಮುಟ್ಟದೆ ತಳದ ದೂಳಿನಲ್ಲಿ ಉರುಳಾಡುತ್ತದೆ. ಬರುವುದು ಹಾಡಲ್ಲ, ಕರಕರ.

ಎಲ್‌ಪಿಯಲ್ಲಿ ಇನ್ನೊಂದು ಗುಟ್ಟಿದೆ. ಮಂದ್ರದ ಸದ್ದನ್ನು ಇದ್ದಂತೆಯೇ ಕೊರೆದರೆ ಮುಳ್ಳು ಪಕ್ಕದ ಗೀರಿಗೆ ನುಗ್ಗುವಷ್ಟು ಅಗಲವಾಗಿ ತೂಗಾಡಬೇಕಾಗುತ್ತದೆ. ಆದ್ದರಿಂದ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಎತ್ತುತ್ತಾರೆ. ಕೇಳಿಸುವಾಗ ಅದನ್ನು ತಿರುವುಮುರುವು ಮಾಡುತ್ತಾರೆ. ಎಷ್ಟು ತಗ್ಗಿಸಬೇಕು, ಎಷ್ಟು ಎತ್ತಬೇಕು ಎಂಬುದಕ್ಕೆ 1954ರಲ್ಲಿ ಒಂದೇ ಲೆಕ್ಕ ನಿಗದಿಯಾಯಿತು. ಆ ತಿರುವುಮುರುವು ಮಾಡುವುದು ಫೋನೊ ಪ್ರಿಆಂಪ್ಲಿಫೈಯರ್. ಮುಳ್ಳಿನಿಂದ ಬರುವ ಸುಮಾರು 5 ಮಿಲಿವೋಲ್ಟ್ ಸಂಕೇತವನ್ನು ಹಿಗ್ಗಿಸುವುದೂ ಅದೇ. ಅದಿಲ್ಲದೆ ನೇರವಾಗಿ ಕಂಪ್ಯೂಟರಿಗೆ ತಂತಿ ಸಿಕ್ಕಿಸಿದರೆ ಮೃದಂಗದ ತೊಪ್ಪಿ ಮಾಯವಾಗಿ, ಪಿಟೀಲು ಕಿವಿ ಚುಚ್ಚುತ್ತದೆ.

ಈಗ ಸಂಖ್ಯೆಗಳು. ಒಂದು ಸ್ವರವನ್ನು ಪೂರ್ತಿ ಹಿಡಿಯಲು ಅದರ ಕಂಪನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ಮನುಷ್ಯರ ಕಿವಿಯ ಮಿತಿ 20,000 ಹರ್ಟ್ಸ್. ಸೆಕೆಂಡಿಗೆ 44,100 ಅಳತೆ ಅದಕ್ಕೆ ಸಾಕು. ಒಂದೊಂದು ಅಳತೆಯನ್ನು ಬರೆಯುವ ಬಿಟ್‌ಗಳಲ್ಲಿ ಮಾತ್ರ ಜಿಪುಣತನ ಬೇಡ. 16 ಬಿಟ್‌ನ 96 ಡೆಸಿಬೆಲ್ ವ್ಯಾಪ್ತಿ ಯಾವ ಕ್ಯಾಸೆಟ್ಟಿಗೂ ಧಾರಾಳ, ನಿಜ. ಆದರೆ 24 ಬಿಟ್ ಇದ್ದರೆ ಮಟ್ಟವನ್ನು ತಗ್ಗಿಸಿಟ್ಟು ನೆಮ್ಮದಿಯಿಂದಿರಬಹುದು. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬೆಲ್ ದಾಟಿದ ಅಲೆಯ ತಲೆ, ಸೇರು ತುಂಬಿದ ಅಕ್ಕಿಯ ಗೋಪುರವನ್ನು ಕೈಯಿಂದ ಎಳೆದುಹಾಕಿದಂತೆ, ಸಪಾಟಾಗುತ್ತದೆ. ಚೆಲ್ಲಿದ್ದನ್ನು ಮತ್ತೆ ತುಂಬಲಾಗದು. ಅತಿ ದೊಡ್ಡ ಸದ್ದು -6 ಡೆಸಿಬೆಲ್ ಮೀರದಂತೆ ನೋಡಿಕೊಳ್ಳಿ. ಚೆಂಡೆ ಯಾವಾಗ ಏಳುತ್ತದೆಂದು ಹೇಳಲಾಗದು! ದಾಖಲೆ ಸಂಗ್ರಹಾಲಯಗಳ ಪದ್ಧತಿ 24 ಬಿಟ್, 96 ಕಿಲೋಹರ್ಟ್ಸ್. ಅದರಂತೆ ಸ್ಟೀರಿಯೊ ಆದರೆ ಒಂದು ಗಂಟೆಗೆ ಸುಮಾರು ಎರಡು ಗಿಗಾಬೈಟ್ ಹಿಡಿಯುತ್ತದೆ. ಏನನ್ನೂ ಕಳೆಯದ ಫ್ಲ್ಯಾಕ್ ಫೈಲಾಗಿ ಮಡಿಸಿದರೆ ಗಣನೀಯವಾಗಿ ಕಡಿಮೆಯಾಗುತ್ತದೆ. ಎಂಪಿ3 ಹಂಚಲಿಕ್ಕೆ ಇರಲಿ, ಕಾಪಿಡಲು ಬೇಡ. ಲ್ಯಾಪ್‌ಟಾಪಿನ ಮೈಕ್ ತೂತಿಗಿಂತ ಒಂದು ಯುಎಸ್‌ಬಿ ಆಡಿಯೊ ಪೆಟ್ಟಿಗೆ ಲೇಸು. ರೆಕಾರ್ಡು ಮಾಡಲು ಉಚಿತವಾಗಿ ಸಿಗುವ ಆಡಾಸಿಟಿ ಸಾಕು.

ಆಡಾಸಿಟಿಯಲ್ಲಿ ಗದ್ದಲ ಕಳೆಯುವ ಉಪಕರಣ ಕಂಡಾಗ ಕೈ ತುರಿಸುತ್ತದೆ. ಅದು ಕೆಲಸ ಮಾಡುವ ಬಗೆ ಹೀಗೆ: ಹಾಡಿಲ್ಲದ, ಬರಿ ಸುಯ್ಯೆನ್ನುವ ತುಣುಕೊಂದನ್ನು ತೋರಿಸಿ ‘ಇದು ಗದ್ದಲ’ ಎನ್ನಬೇಕು, ಅದು ಉಳಿದೆಡೆಯಿಂದ ಅಂಥದ್ದನ್ನು ಕಳೆಯುತ್ತದೆ. ನಮ್ಮ ಸಂಗೀತದಲ್ಲಿ ಅಂಥ ತುಣುಕು ಎಲ್ಲಿ ಸಿಗಬೇಕು? ಹಾಡು ನಿಂತರೂ ತಂಬೂರಿ, ಶ್ರುತಿಪೆಟ್ಟಿಗೆ ನಿಲ್ಲುವುದಿಲ್ಲ. ಅವಸರದಲ್ಲಿ ಆರಿಸಿದರೆ ಶ್ರುತಿಯೇ ಗದ್ದಲದ ಲೆಕ್ಕಕ್ಕೆ ಸೇರುತ್ತದೆ. ಪ್ಲೇಟಿನ ‘ಟಿಕ್’ ತೆಗೆಯುವ ಉಪಕರಣವೂ ಹೀಗೆಯೇ. ಚೆಂಡೆಯ ಮೊನಚು ಪೆಟ್ಟನ್ನು ‘ಟಿಕ್’ ಎಂದು ಬಗೆದು ಒರೆಸಬಲ್ಲದು. ಆದ್ದರಿಂದ ಮೊದಲ ಫೈಲನ್ನು ಮುಟ್ಟಲೇಬೇಡಿ, ಬೇರೆ ಬೇರೆ ಎರಡು ಡಿಸ್ಕಿನಲ್ಲಿಡಿ. ಶೃಂಗಾರವೆಲ್ಲ ಪ್ರತಿಯ ಮೇಲೆ ನಡೆಯಲಿ. ಅದನ್ನು ಜಾಲಕ್ಕೆ ಏರಿಸುವ ಮುನ್ನ, ಧ್ವನಿಮುದ್ರಿಕೆಗೆ 60 ವರ್ಷ, ಕಲಾವಿದರ ಪ್ರದರ್ಶನಕ್ಕೆ 50 ವರ್ಷ ಹಕ್ಕು ಇರುತ್ತದೆಂಬುದು ನೆನಪಿರಲಿ.

ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ತೊಂಬತ್ತು ನಿಮಿಷ ಕೂರಲೇಬೇಕು. ಆ ಹೊತ್ತಿಗೆ ಆಟ ನೋಡಿದ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕ್ಯಾಸೆಟ್ಟುಗಳನ್ನು ಅಳಿಸಿ ಮತ್ತೆ ತುಂಬಿಸುತ್ತಿದ್ದುದರಿಂದ ಹೊರಗಿನ ಚೀಟಿ ಒಂದು ಪ್ರಸಂಗ ಹೇಳಿದರೆ ಒಳಗೆ ಇನ್ನೊಂದು ಇರುವುದುಂಟು. ಭಾಗವತರು ಯಾರು, ಮದ್ದಳೆಗೆ ಯಾರು, ಯಾವ ಊರು, ಯಾವ ವರ್ಷ ಎಂದು ಅವರು ಹೇಳಿದ್ದನ್ನು ಫೈಲಿನ ಹೆಸರಿನಲ್ಲೇ ಬರೆದುಬಿಡಿ. ಚೀಟಿಯ ಫೋಟೊವನ್ನೂ ಜೊತೆಗಿಡಿ.