ಕುಟುಂಬ ಯೋಜನೆ: ಖರ್ಚಿನ ಲೆಕ್ಕ, ಫಲದ ಲೆಕ್ಕ

ಸರಕಿನ ಬೆಲೆಯನ್ನು ಕಾರ್ಖಾನೆಯ ಬಾಗಿಲಲ್ಲೇ ನಿರ್ಧರಿಸಿದರೆ ಸಾಲದು, ಗ್ರಾಹಕನ ಕೈ ಸೇರುವವರೆಗಿನ ವೆಚ್ಚವನ್ನೂ ಕೂಡಿಸಬೇಕೆಂಬುದು ವರ್ತಕರು ಬಲ್ಲ ಸಂಗತಿ. ಅಭಿವೃದ್ಧಿಶೀಲ ರಾಷ್ಟ್ರಗಳ ಕುಟುಂಬ ಯೋಜನಾ ಸೇವೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ಈ ಸೇವೆಗಳ ಫಲವನ್ನು ‘ದಂಪತಿ ರಕ್ಷಣಾ ವರ್ಷ’ ಎಂಬ ಮಾನದಿಂದ ಅಳೆಯಲಾಗುತ್ತದೆ. ದಂಪತಿಗೆ ಒಂದು ವರ್ಷದ ರಕ್ಷಣೆಗೆ 120 ಕಾಂಡೋಮ್‌ಗಳು ಅಥವಾ 15 ತಿಂಗಳ ಮಾತ್ರೆಗಳು ಬೇಕೆಂದು ಗಣನೆ. ಒಂದು ಕಾಪರ್-ಟಿ 380ಎ ಅಳವಡಿಕೆಗೆ 4.6 ವರ್ಷ, ಭಾರತದಲ್ಲಿ ಒಂದು ಸಂತಾನಹರಣ ಶಸ್ತ್ರಚಿಕಿತ್ಸೆಗೆ 13 ವರ್ಷ. ಹೀಗಾಗಿ ಬಿಡಿಯಾಗಿ ಅಗ್ಗವೆನಿಸುವ ಸಾಧನವು ವರ್ಷದ ಲೆಕ್ಕದಲ್ಲಿ ದುಬಾರಿಯಾಗಬಹುದು.

ವಿತರಣೆಯ ವೆಚ್ಚವನ್ನು ತಗ್ಗಿಸಿದ ಉತ್ತಮ ಉದಾಹರಣೆ ನಮ್ಮಲ್ಲೇ ಇದೆ. 1968ರಲ್ಲಿ ‘ನಿರೋಧ್’ ಮಾರುಕಟ್ಟೆಗೆ ಬಂದಾಗ ಸರ್ಕಾರ ಹೊಸ ಜಾಲವನ್ನು ಕಟ್ಟಲಿಲ್ಲ. ಚಹಾ, ಸಾಬೂನು, ಬ್ಯಾಟರಿಗಳನ್ನು ಹಳ್ಳಿಗಳಿಗೆ ಮುಟ್ಟಿಸುತ್ತಿದ್ದ ಬ್ರೂಕ್ ಬಾಂಡ್, ಹಿಂದೂಸ್ಥಾನ್ ಲಿವರ್, ಯೂನಿಯನ್ ಕಾರ್ಬೈಡ್ ಮೊದಲಾದ ಸಂಸ್ಥೆಗಳ ಜಾಲವನ್ನೇ ಬಳಸಿಕೊಂಡಿತು. ಮೂರರ ಪೊಟ್ಟಣಕ್ಕೆ 15 ಪೈಸೆ. ಸಹಾಯಧನ ಸರ್ಕಾರದ್ದು, ವಿತರಣೆ ವರ್ತಕರದು. ‘ಸಾಮಾಜಿಕ ಮಾರಾಟ’ವೆಂದು ಹೆಸರಾದ ಈ ಪದ್ಧತಿ ಮುಂದೆ ಬಾಂಗ್ಲಾದೇಶದಲ್ಲೂ ಬೇರೂರಿತು. (ಕಾಂಡೋಮ್ ತಯಾರಿಕೆಗೆಂದು ಸ್ಥಾಪಿತವಾದ ಹಿಂದೂಸ್ಥಾನ್ ಲೇಟೆಕ್ಸ್, ಅಂದರೆ ಇಂದಿನ ಎಚ್‌ಎಲ್‌ಎಲ್ ಲೈಫ್‌ಕೇರ್‌ನ ಘಟಕವೊಂದು ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿದೆ.)

ಇನ್ನು ಉಳಿತಾಯ. ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಗರ್ಭನಿರೋಧಕ ಸೇವೆಗಳಿಗೆ ಹೆಚ್ಚುವರಿಯಾಗಿ ವಿನಿಯೋಗಿಸುವ ಪ್ರತಿ ಡಾಲರು, ಗರ್ಭಿಣಿ ಹಾಗೂ ನವಜಾತ ಶಿಶುಗಳ ಆರೈಕೆಯಲ್ಲಿ ಸುಮಾರು 3 ಡಾಲರುಗಳನ್ನು ಉಳಿಸುವುದೆಂದು ಗಟ್‌ಮಾಕರ್ ಸಂಸ್ಥೆ 2019ರ ಮಾಹಿತಿಯನ್ನು ಆಧರಿಸಿ ಅಂದಾಜಿಸಿದೆ. ತೊಡಕೆಂದರೆ, ಖರ್ಚು ಈ ವರ್ಷದ ಆಯವ್ಯಯದಲ್ಲಿ ಕಾಣುತ್ತದೆ. ಉಳಿತಾಯವು ಹೆರಿಗೆ ಆಸ್ಪತ್ರೆಗಳಲ್ಲಿ ಮತ್ತು ಬಡವರ ಮನೆಗಳಲ್ಲಿ ಹಂಚಿಹೋಗಿ ಯಾರ ಕಡತಕ್ಕೂ ಸೇರುವುದಿಲ್ಲ.

ತಲಾ ವೆಚ್ಚವೊಂದನ್ನೇ ಹಿಡಿದು ಹೊರಟರೆ ಆಗುವ ಅನಾಹುತವೂ ಕಂಡದ್ದೇ. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಶಿಬಿರವೊಂದರಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ನಡೆಸಲಾಯಿತು. ಹತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಕಾಗದದ ಮೇಲೆ ಒಬ್ಬೊಬ್ಬರಿಗೂ 13 ರಕ್ಷಣಾ ವರ್ಷಗಳು! ಶಿಬಿರಗಳನ್ನು ಮೂರು ವರ್ಷಗಳೊಳಗೆ ಕೈಬಿಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಸೂಚಿಸಿತು.

2017ರಲ್ಲಿ ಆರಂಭವಾದ ‘ಅಂತರಾ’ ಚುಚ್ಚುಮದ್ದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ. ನಾಲ್ಕು ಚುಚ್ಚುಮದ್ದುಗಳಿಗೆ ಒಂದು ರಕ್ಷಣಾ ವರ್ಷ. ಮೂರು ತಿಂಗಳ ಬಳಿಕ ಮಹಿಳೆ ಮರಳಿ ಬಂದಾಗ ಕೇಂದ್ರದಲ್ಲಿ ದಾಸ್ತಾನಿಲ್ಲದಿದ್ದರೆ ಆ ವರ್ಷ ಅಲ್ಲಿಗೇ ಮುರಿಯುತ್ತದೆ.